ಮನ್ನಿಗೆ ಚಂದ್ರಕಾಳಿ ಉಡಿಸಿದ ಕಥೆ

"ರಬ್ಬರ್ ಗೊಂಬಿ ಮ್ಯಾಲ ಬಣ್ಣ ನಿಲ್ಲಂಗಿಲ್ಲ ತಮ್ಮಾ, ಸುಮ್ನ ರೊಕ್ಕ ಹಾಳ ಮಾಡಬ್ಯಾಡ." ಬೆಳಗಾವಿ ಶಹಾಪುರದಲ್ಲಿ ಗಣಪತಿ ಮೂರ್ತಿ ಮಾಡುವ ನಮ್ಮ ಶೆಡ್ಡಿನಲ್ಲಿ ಮಾಮಾ ಹೀಗಂದು ಎರಡು ವರ್ಷ ಆಯಿತು. ಹೋದ ತಿಂಗಳು ಆ ರಬ್ಬರ್ ಗೊಂಬೆ 9 ಸಾವಿರಕ್ಕೆ ಪುಣೆಗೆ ಹೋಯಿತು. ಮಾಮಾ ಆ ಮಾತನ್ನು ಮತ್ತೆ ಎತ್ತಿಲ್ಲ.

ಗೊಂಬೆ ಅಂದರೆ ಕಿಡ್‌ರೋಬಾಟ್ ಕಂಪನಿಯ ಮನ್ನಿ. ಮಾಮಾ ರಬ್ಬರ್ ಅಂದರೂ ಅದು ವಿನೈಲ್, ಅಂದರೆ ಮೆತ್ತನೆ ಪ್ಲಾಸ್ಟಿಕ್. 7 ಇಂಚಿನದು, ಬೋಳು ಬಿಳಿ, ಕಣ್ಣು ಬಾಯಿ ಏನೂ ಇಲ್ಲ. ಚಿತ್ರಗಾರರು ತಮಗೆ ಬೇಕಾದ ಹಾಗೆ ಬರೆದುಕೊಳ್ಳಲಿ ಅಂತಲೇ ಮಾಡಿದ್ದು. ಸಾಗಾಟ, ಕಸ್ಟಮ್ಸ್ ಎಲ್ಲ ಸೇರಿ ಒಂದಕ್ಕೆ ಸುಮಾರು 3,500 ಬಿತ್ತು. ಮೂರು ತರಿಸಿದ್ದೆ. ಎರಡು ಹಾಳಾದವು.

ಮೊದಲನೆಯದಕ್ಕೆ ಡಬ್ಬಿಯ ಸ್ಪ್ರೇ ಎನಾಮಲ್ ಹೊಡೆದೆ. ಅವತ್ತು ಎಷ್ಟು ಚೆಂದ ಕಂಡಿತು! ಹದಿನೈದು ದಿನವಾದರೂ ಒಣಗಲಿಲ್ಲ. ಮುಟ್ಟಿದರೆ ಬೆಲ್ಲದ ಪಾಕ. ಶೆಡ್ಡಿನ ಧೂಳೆಲ್ಲ ಅದರ ಮೈಮೇಲೆ. ವಿನೈಲನ್ನು ಮೆತ್ತಗಿಡಲು ಬೆರೆಸುವ ಪ್ಲಾಸ್ಟಿಸೈಸರ್ ಈ ಬಣ್ಣವನ್ನು ಗಟ್ಟಿಯಾಗಲು ಬಿಡುವುದಿಲ್ಲ ಅಂತ ತಿಳಿದದ್ದು ದುಡ್ಡು ಹೋದ ಮೇಲೆ. ಎರಡನೆಯದಕ್ಕೆ ಅಕ್ರಿಲಿಕ್ ಹಚ್ಚಿದೆ. ಒಣಗಿತು. ಆದರೆ ಉಗುರು ತಾಗಿಸಿದ್ದೇ ತಡ, ಹಾಲಿನ ಕೆನೆಯ ಹಾಗೆ ಎದ್ದು ಬಂತು. ತೊಳೆದಿರಲೇ ಇಲ್ಲ ನೋಡಿ! ಅಚ್ಚಿನಿಂದ ಬಿಡಿಸುವಾಗಿನ ಜಿಡ್ಡು ಹಾಗೇ ಇತ್ತು.

ಮೂರನೆಯದನ್ನು ಪಾತ್ರೆ ಸೋಪಿನಿಂದ ಎರಡು ಸಲ ತೊಳೆದೆ. ಐಸೋಪ್ರೊಪಿಲ್ ಆಲ್ಕೋಹಾಲ್‌ನಲ್ಲಿ ಒರೆಸಿದೆ. 800 ನಂಬರಿನ ಉಜ್ಜುವ ಪೇಪರ್ ಕೈ ಭಾರ ಬಿಡದೆ ಆಡಿಸಿದೆ. ಆಮೇಲೆ ಗಾಳಿಯಿಂದ ಬಣ್ಣ ಸಿಂಪಡಿಸುವ ಏರ್‌ಬ್ರಷ್‌ನಲ್ಲಿ ಅಕ್ರಿಲಿಕ್, ಮಂಜು ಬಿದ್ದಷ್ಟೇ ತೆಳುವಾಗಿ, ದಿನಕ್ಕೊಂದು ಕೋಟ್, ಒಟ್ಟು ನಾಲ್ಕೋ ಐದೋ. ಮೊದಲ ಕೋಟಿನಲ್ಲಿ ಏನು ಬೆರೆಸಿದೆ ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡಿನ ವಿಷಯ. ಇನ್ನೊಂದು, ತಲೆಯನ್ನು ಬಿಸಿನೀರಲ್ಲಿ ಅದ್ದಿ ಕಿತ್ತುಕೊಂಡೇ ಬಣ್ಣ ಮಾಡಿ. ಕುತ್ತಿಗೆಯ ಗೂಟಕ್ಕೆ ಬಣ್ಣ ಬೇಡ. ತಲೆ ತಿರುಗಿಸಿದಾಗ ಮೊದಲು ಕೆರೆದು ಹೋಗುವುದು ಅಲ್ಲೇ.

ಈಗ ನನಗೆ ಹೆಮ್ಮೆ ಇರುವ ಭಾಗಕ್ಕೆ ಬರುತ್ತೇನೆ. ಅಜ್ಜಿಯ ಚಂದ್ರಕಾಳಿ ಸೀರೆಯ ಹಾಗೆ ಕಪ್ಪು ಮೈ, ಅದರ ಮೇಲೆ ಕಸೂತಿ. ಕಸೂತಿ ಎಳೆ ಎಣಿಸಿ ಹಾಕುವ ಕೆಲಸ. ಸೀರೆ ಚಪ್ಪಟೆ, ಮನ್ನಿ ತಲೆ ಕುಂಬಳಕಾಯಿ. ಪೆನ್ಸಿಲ್‌ನಿಂದ ಚೌಕ ಹಾಕಿದರೆ ನೆತ್ತಿಯ ಹತ್ತಿರ ಎಲ್ಲ ಮುದ್ದೆ. ಮೂರು ಸಲ ಅಳಿಸಿದೆ. ಆಮೇಲೆ ಅಜ್ಜಿಯ ಸೀರೆಯಲ್ಲಿದ್ದ ಗೋಪುರ ಕಣ್ಣಿಗೆ ಬಿತ್ತು. ಗೋಪುರ ಮೇಲೆ ಹೋದಂತೆ ತಾನೇ ಕಿರಿದಾಗುತ್ತದಲ್ವಾ? ಒಂದು ಕಿವಿಯಿಂದ ಹಿಂದೆ ಸುತ್ತಿ ಇನ್ನೊಂದು ಕಿವಿವರೆಗೆ ಐದು ಗೋಪುರ ನಿಲ್ಲಿಸಿದೆ, ತುದಿಯೆಲ್ಲ ನೆತ್ತಿಯ ಕಡೆಗೆ. ತಲೆಯ ಉಬ್ಬು ಅಲ್ಲೇ ಸರಿಹೋಯಿತು. ನಡುವಿನ ಜಾಗಕ್ಕೆ ಗವಂತಿ, ಅಂದರೆ ಕಸೂತಿಯ ಗೆರೆ ಹೊಲಿಗೆ; ಹೊಟ್ಟೆಯ ಸುತ್ತ ಮುರ್ಗಿ, ಅಂದರೆ ಮೆಟ್ಟಿಲಿನ ಹಾಗೆ ಹೋಗುವ ಹೊಲಿಗೆ. ಗವಂತಿ ಗೆರೆಗೆ ಮೂರು ಸೊನ್ನೆಯ (000) ಸಣ್ಣ ಬ್ರಷ್, ಒಂದೊಂದು ಗೆರೆ ಜೋಳದ ಕಾಳಿನ ಅರ್ಧದಷ್ಟು. ಇಷ್ಟಕ್ಕೇ ಹತ್ತಿರ ಹತ್ತಿರ 40 ತಾಸು ಹಿಡಿಯಿತು.

ನಡುವೆ ಒಂದು ಹುಚ್ಚು. ಹಾಳಾದ ಗೊಂಬೆಯ ಕೈಗೆ ನಿಜವಾದ ದಾರದಲ್ಲೇ ಕಸೂತಿ ಹಾಕಿ ನೋಡಿದೆ. ಸೂಜಿ ಕಾಯಿಸಿ ಚುಚ್ಚಿದರೆ ಮನೆ ತುಂಬ ಸುಟ್ಟ ವಾಸನೆ, ಅವ್ವ ಬೈದಳು. ಗವಂತಿ ಎರಡೂ ಮೈ ಒಂದೇ ಥರ ಕಾಣಬೇಕು. ಟೊಳ್ಳು ಕೈಯ ಒಳಗಿನಿಂದ ಸೂಜಿ ಹಿಡಿಯುವವರು ಯಾರು? ಎಂಟು ಹೊಲಿಗೆಗೆ ಬಿಟ್ಟೆ.

ದೊಡ್ಡ ಪೆಟ್ಟು ಬಿದ್ದದ್ದು ಕೊನೆಗೆ. ಜುಲೈ, ಬೆಳಗಾವಿಯ ಜಿಟಿಜಿಟಿ ಮಳೆ. ನಾನು ಅವಸರ ಮಾಡಿ ಮ್ಯಾಟ್, ಅಂದರೆ ಹೊಳಪಿಲ್ಲದ ವಾರ್ನಿಶ್ ಹೊಡೆದೆ. ಗಾಳಿಯ ತೇವಕ್ಕೆ ಹತ್ತು ನಿಮಿಷದಲ್ಲಿ ಚಂದ್ರಕಾಳಿ ಬೂದಿ ಬಳಿದುಕೊಂಡಿತು. ಆ ರಾತ್ರಿ ಊಟ ಸೇರಲಿಲ್ಲ. ನಾಲ್ಕು ದಿನ ಕಾದು, ಬಿಸಿಲು ಬಿದ್ದಾಗ ಹೊಳಪಿನ ವಾರ್ನಿಶ್ ಒಂದು ಕೋಟ್ ಕೊಟ್ಟೆ. ಬೂದಿ ಮುಕ್ಕಾಲು ಪಾಲು ಇಳಿಯಿತು, ಉಳಿದದ್ದನ್ನು ಕೈಯಿಂದ ಕಪ್ಪು ತೀಡಿ ಮುಚ್ಚಿದೆ. ಎಲ್ಲಿ ಅಂತ ಹೇಳುವುದಿಲ್ಲ. ಈಗ ಮ್ಯಾಟ್ ಹೊಡೆಯುವುದು ದೀಪಾವಳಿ ಆದ ಮೇಲೆಯೇ.

ಮೂರು ಗೊಂಬೆ 10,500, ಬಣ್ಣ ವಾರ್ನಿಶ್ ಒಂದು 3 ಸಾವಿರ. ಬಂದದ್ದು 9 ಸಾವಿರ. ಇನ್ನೂ ಲುಕ್ಸಾನೇ, ಗೊತ್ತು. ಆದರೆ ಪುಣೆಯವರು ಇನ್ನೆರಡಕ್ಕೆ ಮುಂಗಡ ಕೊಟ್ಟಿದ್ದಾರೆ.

ಪ್ಯಾಕ್ ಮಾಡುವ ಮೊದಲು ಮಾಮಾನ ಕೈಗೆ ಕೊಟ್ಟೆ. ಹಿಂಭಾಗ ತಿರುಗಿಸಿ ಮೂರು ಸಲ ಉಗುರಿನಿಂದ ಕೆರೆದು ನೋಡಿದರು. ಏನೂ ಏಳಲಿಲ್ಲ. ಆಮೇಲೆ ಬೋಳು ಮುಖ ನೋಡಿ, "ಕಣ್ಣ ಯಾವಾಗ ಬರೀತಿ?" ಅಂದರು.