ಗುಂಡಿ ಲೆಕ್ಕ ಬಿಟ್ಟು ನೀರಿನ ಲೆಕ್ಕ ಹಿಡಿದೆ

ಸಿಂಧನೂರು ತಾಲೂಕಿನಲ್ಲಿ ಆರು ಕಿಲೋಮೀಟರಿನ ಒಂದು ಹಳ್ಳಿ ರಸ್ತೆ. ಪ್ರಧಾನಮಂತ್ರಿ ಗ್ರಾಮ ಸಡಕ್ ಯೋಜನೆಯಲ್ಲಿ ನಾನೇ ಗುತ್ತಿಗೆ ಹಿಡಿದು ಮಾಡಿದ್ದು. ಡಾಂಬರಿನ ಅಗಲ 3.75 ಮೀಟರ್. ಎರಡೂ ಕಡೆ ತುಂಗಭದ್ರಾ ಎಡದಂಡೆ ಕಾಲುವೆ ನೀರಿನ ಭತ್ತದ ಗದ್ದೆ, ಕೆಳಗೆ ಎರೆ ಮಣ್ಣು. ಈ ಯೋಜನೆಯಲ್ಲಿ ರಸ್ತೆ ಮುಗಿಸಿಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಐದು ವರ್ಷ ಅದರ ನಿರ್ವಹಣೆಯೂ ಮಾಡಿದವನದೇ.

ಅದಕ್ಕೂ ಮೊದಲು ನಾನು ಮಾಡಿದ ರಿಪೇರಿಗಳೆಲ್ಲ ಅಳತೆ ಲೆಕ್ಕದವು. ಎಷ್ಟು ಚದರ ಮೀಟರ್ ಗುಂಡಿ ಮುಚ್ಚಿದೆ, ಎಷ್ಟು ಗಾಡಿ ಮೊರಂ (ಗರಸು ಮಣ್ಣು) ಹಾಕಿದೆ ಅಂತ ಎಂ.ಬಿ. ಅನ್ನುವ ಅಳತೆ ಪುಸ್ತಕದಲ್ಲಿ ಬರೆಸಿದರೆ ಬಿಲ್ ಆಗುತ್ತಿತ್ತು. ಗುಂಡಿ ಜಾಸ್ತಿ ಆದಷ್ಟೂ ಬಿಲ್ ಜಾಸ್ತಿ. ಇಲ್ಲಿ ಲೆಕ್ಕವೇ ಬೇರೆ. ಯಾವ ವರ್ಷಕ್ಕೆ ಎಷ್ಟು ದುಡ್ಡು ಅನ್ನುವುದು ಟೆಂಡರಿನಲ್ಲೇ ನಿಗದಿ. ಬಿಲ್ಲನ್ನು ಇ-ಮಾರ್ಗ್ ಅನ್ನುವ ಸರ್ಕಾರದ ಆನ್‌ಲೈನ್ ವ್ಯವಸ್ಥೆಯಲ್ಲಿ ನಾನೇ ಹಾಕಬೇಕು. ಎಂಜಿನಿಯರ್ ರಸ್ತೆಗೆ ಬಂದು ಮೊಬೈಲಿನಲ್ಲಿ ಫೋಟೊ ತೆಗೆಯುತ್ತಾರೆ, ಫೋಟೊ ಜೊತೆ ಜಾಗವೂ ದಾಖಲಾಗುತ್ತದೆ. ಡಾಂಬರು, ಸೈಡ್ ಬರ್ಮು (ಡಾಂಬರಿನ ಪಕ್ಕದ ಮಣ್ಣಿನ ಪಟ್ಟಿ), ಚರಂಡಿ, ರಸ್ತೆ ಅಡಿಯ ಮೋರಿ, ಗಿಡಗಂಟಿ, ಎಲ್ಲ ನೋಡಿ ಅಂಕ ಹಾಕುತ್ತಾರೆ. ರಸ್ತೆ ಚೆನ್ನಾಗಿದ್ದರೆ ಪೂರ್ತಿ ದುಡ್ಡು, ಇಲ್ಲದಿದ್ದರೆ ಕಡಿತ. ನಾನು ಎಷ್ಟು ಕೆಲಸ ಮಾಡಿದೆ ಅಂತ ಯಾರೂ ಕೇಳುವುದಿಲ್ಲ.

ಮೊದಲ ವರ್ಷ ನನಗೆ ಇದು ತಲೆಗೆ ಹೋಗಲಿಲ್ಲ. ಹೊಸ ರಸ್ತೆ ಅಲ್ವಾ, ಏನಾಗುತ್ತದೆ ಅಂತ ಸುಮ್ನೆ ಇದ್ದೆ. ಸೆಪ್ಟೆಂಬರ್ ಮಳೆ ಮುಗಿಯುವಷ್ಟರಲ್ಲಿ ಅಂಚು ಅಲ್ಲಲ್ಲಿ ಕಿತ್ತುಬಂದಿತ್ತು. ಆ ಬಿಲ್ಲಿನಲ್ಲಿ ದುಡ್ಡು ಕಟ್ಟಾಯಿತು. ಅದರ ಮೇಲೆ ಗುಂಡಿ ಮುಚ್ಚಲು ಕೈಯಿಂದ ಖರ್ಚು ಬೇರೆ.

ನನಗೆ ರಸ್ತೆ ಓದುವುದನ್ನು ಕಲಿಸಿದವರು ಆ ಊರಿನ ಒಬ್ಬ ಹಿರಿಯರು. ವಯಸ್ಸಿನಲ್ಲಿ ರಸ್ತೆ ಗ್ಯಾಂಗಿನಲ್ಲಿ ದುಡಿದವರು. "ಸಾವ್ಕಾರ್ರೆ, ಒಂದು ಕೊಡ ನೀರು ತರಸ್ರಿ" ಅಂದರು. ರಸ್ತೆ ನಡುವೆ ನಿಂತು ನಿಧಾನಕ್ಕೆ ಸುರಿದರು. ನೀರು ಅಂಚಿನ ತನಕ ಸರಿಯಾಗೇ ಹರಿಯಿತು. ಅಲ್ಲಿ ನಿಂತುಬಿಟ್ಟಿತು. ಬಗ್ಗಿ ನೋಡಿದರೆ ಬರ್ಮಿನ ಮಣ್ಣು ಡಾಂಬರಿಗಿಂತ ಎರಡು ಬೆರಳು ಎತ್ತರ ಇತ್ತು. ಟ್ರ್ಯಾಕ್ಟರ್ ಗಾಲಿಯಿಂದ ಬಿದ್ದ ಕೆಸರು, ಅದರಲ್ಲಿ ಬೆಳೆದ ಹುಲ್ಲು, ಹುಲ್ಲು ಹಿಡಿದ ಧೂಳು, ಎಲ್ಲ ಸೇರಿ ಒಂದು ಬದು ಆಗಿತ್ತು. ನೀರು ಆ ಬದುವಿನ ಗುಂಟ ಎರಡು ಮಾರು ಹೋಗಿ ಒಂದು ಬಿರುಕಿನಲ್ಲಿ ಇಳಿಯಿತು. ಸಣ್ಣ ಗುಳ್ಳೆಗಳು ಎದ್ದವು. ಅವರು ಏನೂ ಮಾತಾಡಲಿಲ್ಲ, ಬೆರಳು ಮಾಡಿ ತೋರಿಸಿದರು ಅಷ್ಟೇ. ಕೆಳಗಿರುವುದು ಎರೆ. ನೀರು ಕುಡಿದರೆ ಉಬ್ಬುತ್ತದೆ, ಬೇಸಿಗೆಗೆ ಒಣಗಿ ಬಾಯಿ ಬಿಡುತ್ತದೆ. ಮೇಲಿರುವ 20 ಮಿಲಿಮೀಟರ್ ಡಾಂಬರು ಅದನ್ನು ಎಷ್ಟು ದಿನ ತಡೆದೀತು?

ಅವತ್ತಿನಿಂದ ನನ್ನ ಕೆಲಸದ ಕಾಲವೇ ಬದಲಾಯಿತು. ಮೊದಲು ಮಳೆ ಮುಗಿದ ಮೇಲೆ ಹೋಗುತ್ತಿದ್ದೆ. ಈಗ ಮೇ ತಿಂಗಳಲ್ಲೇ ಆ ಊರಿನ ನಾಲ್ಕು ಆಳು ಹಚ್ಚುತ್ತೇನೆ. ಮೊದಲು ಬರ್ಮು ಕೆತ್ತುವುದು. ಡಾಂಬರಿಗೆ ಮೀಟರಿಗೆ ಮೂರು ಸೆಂಟಿಮೀಟರ್ ಇಳಿಜಾರಿದ್ದರೆ ಬರ್ಮಿಗೆ ನಾಲ್ಕು. ಕೆತ್ತಿದ ಎರೆ ಮಣ್ಣನ್ನು ಅಲ್ಲೇ ಗುಡ್ಡೆ ಹಾಕಲು ಬಿಡುವುದಿಲ್ಲ, ಮೊದಲ ಮಳೆಗೆ ಅದು ವಾಪಸ್ ಬರುತ್ತದೆ. ತಗ್ಗಿದ್ದಲ್ಲಿ ಮೊರಂ ಹಾಕಿ, ನೀರು ಹೊಡೆದು ಕುಟ್ಟಿಸುತ್ತೇನೆ. ಬಳ್ಳಾರಿ ಜಾಲಿಯನ್ನು ಮೇಲಿಂದ ಸವರಿದರೆ ಉಪಯೋಗ ಇಲ್ಲ, ಮತ್ತೆ ಚಿಗುರುತ್ತದೆ. ಬೇರು ಸಮೇತ ತೆಗೆಸಬೇಕು.

ಮೋರಿಗಳದ್ದು ಇನ್ನೊಂದು ಕತೆ. ಹೂಳು ತೆಗೆಯುವುದು ಸುಲಭ. ಗದ್ದೆಯಲ್ಲಿ ನೀರು ನಿಲ್ಲಲಿ ಅಂತ ರೈತರು ಪೈಪಿನ ಬಾಯಿಗೆ ಮಣ್ಣಿನ ಚೀಲ ಇಡುತ್ತಾರೆ. ಚೀಲ ಕಿತ್ತು ಜಗಳ ಮಾಡಿದರೆ ಮರುದಿನ ಮತ್ತೆ ಇರುತ್ತದೆ. ಒಬ್ಬರ ಹತ್ತಿರ ಕೂತು ಮಾತಾಡಿದೆ. "ಯಣ್ಣಾ, ನೀರು ಹೋದ್ರ ನನ್ನ ನಾಟಿ ಒಣಗ್ತೈತಿ, ನೀ ಏನ್ ಮಾಡ್ತಿ?" ಅಂದರು. ಅವರ ಮಾತೂ ನಿಜವೇ. ಅವರ ಗದ್ದೆ ಬದುವನ್ನು ನನ್ನ ಜೆಸಿಬಿಯಿಂದಲೇ ಎತ್ತರಿಸಿಕೊಟ್ಟೆ. ಒಂದು ತಾಸಿನ ಕೆಲಸ. ಆಮೇಲೆ ಆ ಪೈಪಿಗೆ ಚೀಲ ಬಿದ್ದಿಲ್ಲ.

ಕೇಜ್ ವೀಲ್ ಮಾತ್ರ ನನ್ನ ಕೈಗೆ ಪೂರ್ತಿ ಸಿಕ್ಕಿಲ್ಲ. ಕೆಸರು ಹೊಡೆಯುವ ಕಾಲದಲ್ಲಿ ಕಬ್ಬಿಣದ ಗಾಲಿ ಬಿಚ್ಚದೆ ಟ್ರ್ಯಾಕ್ಟರನ್ನು ಡಾಂಬರಿನ ಮೇಲೇ ಓಡಿಸುತ್ತಾರೆ. ಒಂದೇ ಸಾರಿ ಹೋದರೂ ಉದ್ದಕ್ಕೂ ಗೀರು ಬೀಳುತ್ತದೆ. ಪಂಚಾಯಿತಿಯಲ್ಲಿ ಮಾತಾಡಿ, ಜಾಸ್ತಿ ದಾಟುವ ಎರಡು ಕಡೆ ನಾನೇ ಕಾಂಕ್ರೀಟ್ ಹಾಕಿದೆ. ದಾಟುವವರಿಗೆ ಅದು ಸಾಕು. ಗದ್ದೆಯಿಂದ ಗದ್ದೆಗೆ ರಸ್ತೆ ಹಿಡಿದು ಹೋಗುವವರನ್ನು ಒಬ್ಬ ಗುತ್ತೇದಾರ ತಡೆಯಲಾರ. ಇದರ ಹೊಣೆಯನ್ನು ಗುತ್ತೇದಾರನ ಅಂಕದಲ್ಲಿ ಕಳೆಯುವುದು ನ್ಯಾಯ ಅಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಇಷ್ಟಾದರೂ ಗುಂಡಿ ಬೀಳುತ್ತದೆ. ಬಿದ್ದ ವಾರದಲ್ಲೇ ಮುಚ್ಚಬೇಕು. ಗಟ್ಟಿ ಡಾಂಬರು ಸಿಗುವ ತನಕ ಚೌಕಾಕಾರಕ್ಕೆ ಕತ್ತರಿಸಿ, ಧೂಳು ಪೂರ್ತಿ ತೆಗೆದು, ಒಳಗೂ ಬದಿಗೂ ಎಮಲ್ಷನ್ (ನೀರು ಬೆರೆತ ತೆಳು ಡಾಂಬರು) ಬಳಿದು, ಆಮೇಲೆ ಡಾಂಬರು ಕಲಸಿದ ಜಲ್ಲಿ. ಒದ್ದೆ ಗುಂಡಿಗೆ ತುಂಬಿದ್ದು ನಿಲ್ಲುವುದಿಲ್ಲ. ಕೆಲಸಕ್ಕೆ ಮುಂಚೆ ಮತ್ತು ಆಮೇಲೆ ಒಂದೇ ಜಾಗದಲ್ಲಿ ನಿಂತು, ಕಿಲೋಮೀಟರ್ ಕಲ್ಲು ಕಾಣುವ ಹಾಗೆ ನಾನೂ ಫೋಟೊ ಇಟ್ಟುಕೊಳ್ಳುತ್ತೇನೆ. ಅಂಕದ ಬಗ್ಗೆ ಮಾತು ಬಂದರೆ ಅದೇ ನನ್ನ ಸಾಕ್ಷಿ.

ಮಾಡಿದ ಕೆಲಸಕ್ಕಲ್ಲ, ರಸ್ತೆ ಹೇಗಿದೆ ಅನ್ನುವುದಕ್ಕೆ ದುಡ್ಡು ಕೊಡುವ ಈ ಪದ್ಧತಿ ಎಲ್ಲಿಂದ ಬಂತು ಅಂತ ಹುಡುಕಿದ್ದೆ. ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ 1988ರಲ್ಲೇ ಇಂಥ ಗುತ್ತಿಗೆ ಶುರು ಮಾಡಿದ್ದರಂತೆ. ಅಲ್ಲಿ ಹಿಮ, ನಮ್ಮಲ್ಲಿ ಭತ್ತದ ನೀರು.

ಈ ರಸ್ತೆಗೆ ಈಗ ನಾಲ್ಕನೇ ವರ್ಷ. ಹೊಸ ಟೆಂಡರ್ ಹಾಕುವ ಮುಂಚೆ, ಗದ್ದೆ ತುಂಬಾ ನೀರು ನಿಂತಿರುವ ಆಗಸ್ಟ್‌ನಲ್ಲಿ ಆ ಟೆಂಡರಿನ ರಸ್ತೆಯನ್ನು ಒಂದು ಸಾರಿ ನಡೆದು ನೋಡುತ್ತೇನೆ. ಮೋರಿ ಎಷ್ಟು, ಗದ್ದೆ ನೀರು ರಸ್ತೆಗಿಂತ ಎಷ್ಟು ಕೆಳಗಿದೆ, ಟ್ರ್ಯಾಕ್ಟರ್ ಎಲ್ಲೆಲ್ಲಿ ದಾಟುತ್ತದೆ, ಎಲ್ಲ ಬರೆದುಕೊಂಡು ಬಂದ ಮೇಲೆಯೇ ಐದು ವರ್ಷದ ನಿರ್ವಹಣೆಗೆ ದರ ಬರೆಯುವುದು.