ಏರ್ ರೈಫಲ್ ಪೆಲೆಟ್ ಚದುರುತ್ತಿತ್ತು: ಸರಿಯಾಗಿದ್ದು ಹೀಗೆ

ಮೈಸೂರಿನ ರೇಂಜಿನಲ್ಲಿ 10 ಮೀಟರ್ ಏರ್ ರೈಫಲ್ ಅಭ್ಯಾಸ ಮಾಡುವಾಗ ಪೆಲೆಟ್‌ಗಳು (ಸೀಸದ ಪುಟ್ಟ ಗುಂಡುಗಳು) ಇದ್ದಕ್ಕಿದ್ದಂತೆ ಗುರಿ ಕಾಗದದ ಮೇಲೆ ಚದುರತೊಡಗಿದವು. ಈ ಆಟದಲ್ಲಿ ನಡುವಿನ ಚುಕ್ಕಿ ಬರೀ 0.5 ಮಿಲಿಮೀಟರ್. ಸ್ವಲ್ಪ ಆಚೀಚೆ ಆದರೂ ಅಂಕ ಹೋಯಿತು.

ಕೈ ನಡುಗುತ್ತಿದೆಯೋ, ರೈಫಲ್ಲೇ ಕೆಟ್ಟಿದೆಯೋ? ಅದು ಮೊದಲು ಗೊತ್ತಾಗಬೇಕಿತ್ತು. ರೈಫಲನ್ನು ಮರಳಿನ ಚೀಲದ ಮೇಲಿಟ್ಟು ಹೊಡೆದೆ. ಆಗಲೂ ಚದುರಿತು. ಅಂದರೆ ಕೈಯದಲ್ಲ.

ಸ್ಟಾಕ್ (ಭುಜಕ್ಕೆ ಆನಿಸಿ ಹಿಡಿಯುವ ಭಾಗ) ಸ್ಕ್ರೂ ನೋಡಿದೆ, ಬಿಗಿಯಾಗೇ ಇತ್ತು. ಬ್ಯಾರೆಲ್‌ಗೆ ಫೆಲ್ಟ್ ತುಂಡು ಹಾಕಿ ಒರೆಸಿದೆ. ಸೀಸದ ಕಪ್ಪು ಬಂತು, ತೂತುಗಳ ಗುಂಪು ಸ್ವಲ್ಪ ಹತ್ತಿರವಾಯಿತು, ಅಷ್ಟೇ.

ಕೊನೆಗೆ ಉಳಿದದ್ದು ಪೆಲೆಟ್. ಡಬ್ಬಿ ಮೇಲೆ 4.5 ಮಿಲಿಮೀಟರ್ ಎಂದಿದ್ದರೂ ಪೆಲೆಟ್ ತಲೆಯ ಅಳತೆ 4.49, 4.50, 4.51 ಹೀಗೆ ಬೇರೆಬೇರೆ ಸಿಗುತ್ತದೆ. ಪ್ರತಿ ಬ್ಯಾರೆಲ್‌ಗೂ ತನ್ನದೇ ಇಷ್ಟ, ಮದುಮಗನಿಗೆ ಹೆಣ್ಣು ನೋಡಿದ ಹಾಗೆ! ಬೇರೆಬೇರೆ ಅಳತೆಯವನ್ನು ಸ್ವಲ್ಪ ಸ್ವಲ್ಪ ತರಿಸಿ, ಅದೇ ಚೀಲದ ಮೇಲಿಂದ ಐದೈದು ಹೊಡೆದು, ಪ್ರತಿ ಕಾಗದದ ಮೇಲೂ ಅಳತೆ ಬರೆದಿಟ್ಟೆ. ಬ್ಯಾರೆಲ್ ಒರೆಸಿದ ಮೇಲಿನ ಮೊದಲ ಕೆಲವು ಹೊಡೆತ ಲೆಕ್ಕಕ್ಕೆ ತಗೊಳ್ಳಲಿಲ್ಲ, ಅವು ಅಲೆದಾಡುವುದು ಸಹಜ.

4.50ರಲ್ಲಿ ತೂತುಗಳು ಒಂದರ ಮೇಲೊಂದು ಬಿದ್ದವು. ದುಬಾರಿ ಡಬ್ಬಿಯೇ ಗೆಲ್ಲುತ್ತದೆ ಅಂತೇನಿಲ್ಲ, ನನ್ನದರಲ್ಲಿ ಗೆದ್ದದ್ದು ನಡುವಿನ ಬೆಲೆಯದು. ಈಗ ಒಂದೇ ಬ್ಯಾಚ್‌ನ ಡಬ್ಬಿಗಳನ್ನೇ ಜಾಸ್ತಿ ತರಿಸುತ್ತೇನೆ. ಬ್ಯಾಚ್ ಬದಲಾದರೆ ಮತ್ತೆ ಮರಳಿನ ಚೀಲ.