1865 ಅಂತ ಅಚ್ಚಾಗಿದ್ದ ಹಂಚು

ಸಾಗರ ಸೀಮೆಯ ಒಂದು ಕಾಲೇಜು. ನಾನು ಓದಿದ್ದೂ ಅಲ್ಲೇ. ಅದರ ಕಟ್ಟಡಗಳ ಚರಿತ್ರೆ ಬರೆದುಕೊಡಿ ಎಂದು ಸ್ಮರಣ ಸಂಚಿಕೆಯವರು ಕೇಳಿದರು. ಸಿವಿಲ್ ಕೆಲಸ ಮಾಡುವವಳಾದ್ದರಿಂದ ಹದಿನೈದು ದಿನದಲ್ಲಿ ಮುಗಿಸಬಹುದು ಅಂದುಕೊಂಡೆ. ಎರಡು ಬೇಸಿಗೆ ಹಿಡಿಯಿತು.

ಮೊದಲು ಕಾಗದ ಹುಡುಕಿದೆ. ಎಸ್ಟಿಮೇಟ್, ಬಿಲ್ಲು, ಅಳತೆ ಪುಸ್ತಕ ಸಿಕ್ಕಿಬಿಟ್ಟರೆ ಯಾವ ಕೋಣೆ ಯಾವಾಗ ಎದ್ದಿತು ಅಂತ ಗೊತ್ತಾಗುತ್ತದೆ ಅಲ್ವಾ? ಹಳೇ ಕಡತದ ಬೀರು ತೆಗೆದರೆ ಒಳಗೆಲ್ಲ ಒರಲೆ (ಗೆದ್ದಲು) ಮಣ್ಣು. ಮರದ ಬೀರುವನ್ನು ಗೋಡೆಗೆ ತಾಗಿಸಿ ಇಟ್ಟಿದ್ದರು. ಆ ಗೋಡೆ ಮಳೆಗಾಲ ಪೂರ್ತಿ ಒದ್ದೆ. ಮೇಲಿನ ಅರೆಯಲ್ಲಿ ಒಂದೇ ಒಂದು ಕಟ್ಟು ಉಳಿದಿತ್ತು. ನಿಜಕ್ಕೂ ಹೊಟ್ಟೆ ಉರಿಯಿತು.

ಕಾಗದ ಇಲ್ಲದ ಮೇಲೆ ಕಟ್ಟಡವನ್ನೇ ಓದಬೇಕಾಯಿತು. ನಮ್ಮ ಕಡೆ ಮಾಡಿನಿಂದ, ಅಂದರೆ ಚಾವಣಿಯಿಂದ, ಶುರು ಮಾಡುವುದೇ ಸರಿ. ಮಲೆನಾಡಿನಲ್ಲಿ ಯಾವ ಕಟ್ಟಡವಾದರೂ ಮಳೆಗೆ ಉತ್ತರ ಕೊಟ್ಟೇ ನಿಲ್ಲಬೇಕು. ಆ ಉತ್ತರ ಮೊದಲು ಕಾಣುವುದು ಮಾಡಿನಲ್ಲಿ.

ಹಳೇ ಬ್ಲಾಕಿಗೆ ಮಂಗಳೂರು ಹಂಚು. ಮಳೆಗಾಲಕ್ಕೆ ಮೊದಲು ಒಡೆದ ಹಂಚು ಬದಲಿಸಲು ಬಂದಿದ್ದವರ ಜೊತೆ ನಾನೂ ಏಣಿ ಹತ್ತಿದೆ. ಒಂದು ಹಂಚು ತೆಗೆದು ಬೋರಲು ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಇಂಗ್ಲಿಷ್ ಅಕ್ಷರ ಎದ್ದುಬಂದವು: ಬಾಸೆಲ್ ಮಿಷನ್ ಟೈಲ್ ವರ್ಕ್ಸ್, 1865. ಒಂದು ಕ್ಷಣ ಎದೆ ಹೊಡೆದುಕೊಂಡಿತು. ಆದರೆ ಅದು ಹಂಚು ಸುಟ್ಟ ಇಸವಿ ಅಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಸ್ವಿಟ್ಜರ್ಲೆಂಡಿನ ಕ್ರೈಸ್ತ ಸಂಸ್ಥೆಯವರು ಹಂಚಿನ ಕಾರ್ಖಾನೆ ಶುರು ಮಾಡಿದ ಇಸವಿ. ಎಷ್ಟೋ ವರ್ಷ ಆದಮೇಲೆ ಸುಟ್ಟ ಹಂಚಿನ ಮೇಲೂ ಅದೇ ಅಚ್ಚು ಇರುತ್ತದೆ. ಹಳೇ ಮನೆಗಳ ಹಂಚು ನೋಡಿ ವಯಸ್ಸು ಹೇಳುವವರು ಇದೊಂದನ್ನು ನೆನಪಿಡಬೇಕು. ಮೊದಲನೇ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಕೈಗೆ ಹೋದವು. ಹಾಗಾಗಿ ಬಾಸೆಲ್ ಮಿಷನ್ ಹೆಸರಿದ್ದರೆ ಸಾಧಾರಣವಾಗಿ ಅದಕ್ಕಿಂತ ಹಿಂದಿನ ಹಂಚು ಅಂತ ಹೇಳಬಹುದು. ಅಷ್ಟೇ.

ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಕೆಲವು ಹಂಚುಗಳ ಒಳಮೈ ಕಪ್ಪಗೆ, ಅಂಟಂಟಾಗಿತ್ತು. ಬೆರಳಲ್ಲಿ ಉಜ್ಜಿ ಮೂಸಿ ನೋಡಿದೆ. ಒಲೆಯ ಹೊಗೆ ಕುಡಿದ ಮಸಿ. ಪಕ್ಕದ ಹಂಚು ಕೆಂಪಗೇ ಇದೆ, ಅದರಾಚೆಯದು ಮತ್ತೆ ಕಪ್ಪು. ಪಾಠ ಮಾಡುವ ಕೋಣೆಯ ಮಾಡಿಗೆ ಅಡುಗೆಮನೆ ಮಸಿ ಎಲ್ಲಿಂದ ಬಂತು?

ಒರಲೆ ಬಿಟ್ಟಿದ್ದ ಆ ಒಂದು ಕಟ್ಟಿನಲ್ಲಿ ಹಳೇ ಬ್ಲಾಕಿನ ಎಸ್ಟಿಮೇಟಿನ ಎರಡು ಹಾಳೆ ಇದ್ದವು. ತಾರೀಕು ಇದ್ದ ಮೂಲೆ ಹರಿದುಹೋಗಿದೆ. ಆದರೆ ಮೊತ್ತದ ಮುಂದೆ ‘ನ.ಪೈ.’ ಅಂತಿದೆ. ನಯಾ ಪೈಸೆ. 1957ರ ಏಪ್ರಿಲ್ 1ರಿಂದ ಆಣೆ ಹೋಗಿ ನಯಾ ಪೈಸೆ ಬಂತು. 1964ರ ಜೂನ್‌ನಲ್ಲಿ ‘ನಯಾ’ ಬಿಟ್ಟು ಬರೀ ಪೈಸೆ ಆಯಿತು. ಅಂದರೆ ಆ ಹಾಳೆ ಬರೆದದ್ದು ಹೆಚ್ಚುಕಮ್ಮಿ ಈ ಏಳು ವರ್ಷದೊಳಗೆ. ಹಂಚು ನೋಡಿದರೆ ಅದಕ್ಕಿಂತ ಸುಮಾರು ನಲವತ್ತು ವರ್ಷವಾದರೂ ಹಳೆಯದು.

ಗಂಟು ಬಿಡಿಸಿದವರು ನಿವೃತ್ತ ಅಟೆಂಡರ್ ಒಬ್ಬರು. ಎಂಬತ್ತು ದಾಟಿದೆ. ಕಟ್ಟುವಾಗ ಕಲ್ಲು ಹೊರಲು ಬಂದ ಹುಡುಗ, ಆಮೇಲೆ ಅಲ್ಲೇ ಕೆಲಸಕ್ಕೆ ಸೇರಿದರು. ಮಸಿ ಹಂಚನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ ತೋರಿಸಿದೆ.

“ಅಜ್ಜಾ, ಇದು ಎಲ್ಲಿಂದ ತಂದಿದ್ದು?”

ಅವರು ಹಂಚನ್ನು ತೊಡೆ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದರು. “ಮುಳುಗಡೆ ಮನೆಯದು ತಂಗೀ. ಗಾಡಿ ಮೇಲೆ ಬಂತು. ನಾನೇ ಇಳಿಸಿದ್ದೆ.”

1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯಿತು. ಶರಾವತಿ ಕಣಿವೆಯ ಊರುಗಳಿಗೆ ನೀರು ಬರುವ ಮೊದಲು ಜನ ಮನೆ ಕಳಚಿದರು. ಬಾಗಿಲು, ಕಂಬ, ಹಂಚು ಒಯ್ಯಲು ಆದವರು ಒಯ್ದರು, ಆಗದವರು ಮಾರಿದರು. ಯಾರದೋ ಅಡುಗೆಮನೆ ಹಂಚೂ ಜಗಲಿ ಹಂಚೂ ಗಾಡಿಯಲ್ಲಿ ಕಲೆತು, ಹಾಗೇ ನಮ್ಮ ಮಾಡು ಹತ್ತಿದ್ದವು. ಮೂರು ವರ್ಷ ನಾನು ಆ ಹಂಚಿನ ಕೆಳಗೆ ಕೂತು ಪಾಠ ಕೇಳಿದ್ದೇನೆ. ಆ ದಿನ ಮನೆಗೆ ಬಂದು ಏನೂ ಬರೆಯಲಾಗಲಿಲ್ಲ.

ಗೋಡೆಗಳ ಕೆಲಸ ಇಷ್ಟು ಕಷ್ಟ ಆಗಲಿಲ್ಲ. ಎಲ್ಲ ಜಂಬಿಟ್ಟಿಗೆ, ಅಂದರೆ ನೆಲದಿಂದ ಕಡಿದು ತೆಗೆಯುವ ಕೆಂಪು ಕಲ್ಲು. ಗಾರೆ ಉದುರಿದ ಕಡೆ ಕಲ್ಲಿನ ಮೈ ನೋಡಿದೆ. ಕೈಯಲ್ಲಿ ಕಡಿದ ಕಲ್ಲಿಗೆ ಓರೆ ಓರೆ ಏಟಿನ ಗುರುತು, ಯಂತ್ರದಲ್ಲಿ ಕೊಯ್ದದ್ದಕ್ಕೆ ಗೀರು ಎಳೆದಂತೆ ಸಾಲು. ಎರಡು ಗೋಡೆ ಸೇರುವ ಮೂಲೆಯನ್ನೂ ನೋಡಬೇಕು. ಕಲ್ಲು ಒಂದರೊಳಗೊಂದು ಹೆಣೆದಿದ್ದರೆ ಎರಡೂ ಒಟ್ಟಿಗೆ ಎದ್ದ ಗೋಡೆ. ಸುಮ್ನೆ ತಾಗಿಸಿದ್ದರೆ ಒಂದು ಆಮೇಲೆ ಬಂದದ್ದು. ಲೈಬ್ರರಿ ಮೂಲೆಯಲ್ಲಿ ಮೇಲಿಂದ ಕೆಳಗೆ ನೆಟ್ಟಗೆ ಒಂದು ಬಿರುಕಿದೆ. ತಳಪಾಯ ಕುಸಿದಿದೆ ಅಂತ ಎಲ್ಲರೂ ಹೆದರಿದ್ದರು. ಕುಸಿದದ್ದಲ್ಲ, ಅದು ಹಳೇ ಗೋಡೆಗೆ ಹೊಸ ಗೋಡೆ ತಾಗಿದ ಜಾಗ.

ಆಮೇಲೆ ಎದ್ದ ಆರ್‌ಸಿಸಿ (ಒಳಗೆ ಕಬ್ಬಿಣದ ಸರಳಿಟ್ಟ ಕಾಂಕ್ರೀಟ್) ಬ್ಲಾಕಿನ ಕಾಲ ಹಿಡಿದದ್ದು ಸಿಮೆಂಟ್ ಪರ್ಮಿಟ್‌ಗಾಗಿ ಬರೆದ ಒಂದು ಪತ್ರದಿಂದ. ಆಗ ಸಿಮೆಂಟ್ ಸರ್ಕಾರದ ಕಂಟ್ರೋಲಿನಲ್ಲಿತ್ತು. ಪತ್ರದ ತಲೆಯಲ್ಲಿ ‘ಮೈಸೂರು ರಾಜ್ಯ’ ಅಂತ ಇದೆ, ಜೊತೆಗೆ ಆರಂಕಿಯ ಪಿನ್ ಕೋಡ್ ಕೂಡ ಇದೆ. ಪಿನ್ ಕೋಡ್ ಬಂದದ್ದು 1972ರ ಆಗಸ್ಟ್ 15ಕ್ಕೆ, ರಾಜ್ಯ ಕರ್ನಾಟಕ ಆದದ್ದು 1973ರ ನವೆಂಬರ್ 1ಕ್ಕೆ. ಹಳೇ ಲೆಟರ್‌ಹೆಡ್ ಮುಗಿಯುವವರೆಗೂ ಬಳಸುವ ರೂಢಿ ಎಲ್ಲ ಕಡೆ ಇದೆ. ಆದ್ದರಿಂದ ಒಂದೆರಡು ವರ್ಷ ಆಚೀಚೆ ಬಿಟ್ಟೇ ಬರೆದೆ. 1987ರಲ್ಲಿ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯ ಶುರುವಾಯಿತು, ಅದಕ್ಕೂ ಮೊದಲು ನಾವು ಮೈಸೂರು ವಿಶ್ವವಿದ್ಯಾಲಯಕ್ಕೆ ಸೇರಿದ್ದೆವು. ಆಮೇಲಿನ ಕೋಣೆಗಳ ಲೆಕ್ಕಕ್ಕೆ ವಿಶ್ವವಿದ್ಯಾಲಯಕ್ಕೆ ಕೊಟ್ಟ ಸಂಯೋಜನೆಯ (ಅಫಿಲಿಯೇಶನ್) ಅರ್ಜಿಗಳ ನಕಲು ನೆರವಾದವು. ಅದರಲ್ಲಿ ಎಷ್ಟು ಕೋಣೆ, ಎಷ್ಟು ಉದ್ದಗಲ ಅಂತ ಬರೆಯಲೇಬೇಕಲ್ಲ.

ಆ ಆರ್‌ಸಿಸಿ ತಾರಸಿ ಚಪ್ಪಟೆ. ಇಳಿಜಾರು ಸಾಲದು. ಎಲೆ ಬಿದ್ದು ಕೊಳವೆ ಕಟ್ಟಿದರೆ ನೀರು ಅಲ್ಲೇ ನಿಲ್ಲುತ್ತದೆ, ಕೂದಲೆಳೆ ಬಿರುಕಿನಲ್ಲಿ ಇಳಿದು ಒಳಗಿನ ಕಬ್ಬಿಣ ತಿನ್ನುತ್ತದೆ. ಪೋರ್ಟಿಕೋದಲ್ಲಿ ಕಾಂಕ್ರೀಟ್ ಚಕ್ಕೆ ಎದ್ದು ನುಣ್ಣನೆ ಸರಳು ಕಾಣುತ್ತಿದೆ. ಈಗಿನ ಹಾಗೆ ಮೈಯಲ್ಲಿ ಏಣು ಇರುವ ಸರಳಲ್ಲ. ಕೊನೆಗೆ ತಾರಸಿ ಮೇಲೆ ಕಬ್ಬಿಣದ ಚೌಕಟ್ಟು ನಿಲ್ಲಿಸಿ ಶೀಟು ಹೊದೆಸಿದರು. ಹಂಚಿನ ಮಾಡಿನಲ್ಲಿದ್ದ ಇಳಿಜಾರೇ ತಿರುಗಿ ಬಂತು. ಮಲೆನಾಡಿನಲ್ಲಿ ಚಪ್ಪಟೆ ತಾರಸಿ ಕಟ್ಟಬಾರದು ಎಂದು ನಾನು ಈಗ ಎಲ್ಲರಿಗೂ ಹೇಳುತ್ತೇನೆ.

ಹಳೇ ಬ್ಲಾಕಿನ ಪಡುವಣ ಗೋಡೆಯಲ್ಲಿ ಸೂರಿನ ಕೆಳಗೆ ಒಂದೇ ಸಾಲಿಗೆ ಮರದ ಗೂಟ ಇವೆ. ನಾವು ಓದುವಾಗ ಕೊಡೆ ನೇತು ಹಾಕುತ್ತಿದ್ದೆವು. ಅದನ್ನೂ ಅಜ್ಜನ ಹತ್ತಿರ ಕೇಳಿದೆ.

“ತಟ್ಟಿ ಕಟ್ಟೋಕೆ ತಂಗೀ. ಅಡಿಕೆ ಸೋಗೆ ತಟ್ಟಿ. ಮೃಗಶಿರಾ ಮಳೆ ಹಿಡಿಯೋದ್ರೊಳಗೆ ಕಟ್ಟಬೇಕಿತ್ತು. ಇಲ್ದಿದ್ರೆ ಇರಚಲು ಹೊಡೆದು ಗೋಡೆ ನೀರು ಕುಡೀತದೆ.”

ತಟ್ಟಿ ಕಟ್ಟುವುದನ್ನು ಯಾವಾಗ ಬಿಟ್ಟಿರಿ ಅಂತ ಕೇಳಿದೆ. ತಾನು ನಿವೃತ್ತನಾದ ವರ್ಷ ಅಂದರು. ಕಡತದ ಬೀರು ಇದ್ದದ್ದು ಅದೇ ಗೋಡೆಯ ಒಳಬದಿಯಲ್ಲಿ.

ಈ ಬೇಸಿಗೆ ಬಣ್ಣ ಬಳಿಯುವಾಗ ಗೂಟ ಕಿತ್ತು ಸಿಮೆಂಟ್ ಮೆತ್ತಲು ಹೊರಟಿದ್ದರು. ಬೇಡ ಅಂತ ಕೇಳಿಕೊಂಡೆ, ಒಪ್ಪಿದರು. ಒಟ್ಟು 17 ಇವೆ, ಎರಡು ಅಲುಗಾಡುತ್ತವೆ. ಸೋಗೆ ಕೊಡುತ್ತೇನೆ ಅಂತ ಪಕ್ಕದ ತೋಟದವರು ಹೇಳಿದ್ದಾರೆ.